ವಿಶ್ವವಿದ್ಯಾಲಯಗಳ ಮಾನ್ಯತೆ: ಅಹಮದಾಬಾದ್, ವಡೋದರ, ಸೂರತ್

ಉನ್ನತ ಶಿಕ್ಷಣ ಸಂಸ್ಥೆಯೊಂದರ ಕೆಲಸವನ್ನು ಹೊರಗಿನ ಅಧ್ಯಾಪಕರು ಬಂದು ಅಳೆದು, ನಿಗದಿತ ಅವಧಿಗೆ ದರ್ಜೆ ಕೊಡುವ ಪದ್ಧತಿಗೆ ಮಾನ್ಯತೆ ಎಂದು ಹೆಸರು. ಕನ್ನಡದಲ್ಲಿ ಈ ಒಂದು ಮಾತಿನ ಮೇಲೆ ಮೂರು ಸಂಗತಿಗಳ ಭಾರ ಬಿದ್ದಿದೆ. ಶಾಸನಸಭೆ ಕಾಯ್ದೆ ಮಾಡಿ ವಿಶ್ವವಿದ್ಯಾಲಯವನ್ನು ಹುಟ್ಟಿಸುವುದು ಒಂದು. ಅದರ ಪದವಿಯನ್ನು ಯುಜಿಸಿ, ಎಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, ಒಪ್ಪಿ ತನ್ನ ಪಟ್ಟಿಯಲ್ಲಿ ಇಟ್ಟುಕೊಳ್ಳುವುದು ಇನ್ನೊಂದು. ಮೌಲ್ಯಮಾಪನ ಪರಿಷತ್ತಾದ ನ್ಯಾಕ್‌ನ ತಂಡ ನೋಡಿಹೋಗಿ ಎ ಎಂದೋ ಬಿ ಎಂದೋ ದರ್ಜೆ ಬರುವುದು ಮೂರನೆಯದು. ಪ್ರವೇಶದ ಜಾಹೀರಾತುಗಳಲ್ಲಿ ಮೂರೂ ‘ಮಾನ್ಯತೆ ಪಡೆದ’ ಎಂಬ ಒಂದೇ ವಿಶೇಷಣದಲ್ಲಿ ಕರಗಿಹೋಗುತ್ತವೆ. ಮಕ್ಕಳನ್ನು ಸೇರಿಸಲು ಹೊರಟ ತಂದೆತಾಯಿ ಎಡವುವುದೂ ಅಲ್ಲಿಯೇ. ಮೊದಲನೆಯದು ಒಮ್ಮೆ ಆದರೆ ಆಯಿತು. ಎರಡನೆಯದು ನಿಯಮ ಮೀರದಿರುವ ತನಕ ಉಳಿಯುತ್ತದೆ. ಮೂರನೆಯದನ್ನು ಸಾಮಾನ್ಯವಾಗಿ ಐದು ವರ್ಷಕ್ಕೊಮ್ಮೆ ಹೊಸದಾಗಿ ಸಂಪಾದಿಸಬೇಕು.

ಈ ಮೂರು ಎಳೆಗಳು ಒಂದರಿಂದೊಂದು ಬಿಡಿಸಿಕೊಂಡು ಕಾಣಬೇಕಾದರೆ ಗುಜರಾತಿನ ಅಹಮದಾಬಾದ್, ವಡೋದರ, ಸೂರತ್‌ಗಳಿಗಿಂತ ಒಳ್ಳೆಯ ಜಾಗ ಸಿಕ್ಕುವುದು ಕಷ್ಟ. ಸರ್ಕಾರದ ಒಪ್ಪಿಗೆಯೇ ಬೇಡವೆಂದು ಹುಟ್ಟಿದ ವಿದ್ಯಾಪೀಠ ಅಲ್ಲಿದೆ. ದೇಶವೆಲ್ಲ ಕೊಂಡಾಡಿದರೂ ಐವತ್ತಾರು ವರ್ಷ ಪದವಿ ಕೊಡಲಾಗದಿದ್ದ ಸಂಸ್ಥೆ ಅಲ್ಲಿದೆ. ವಿಲೀನವಾಗುವ ಹಿಂದಿನ ದಿನ ಸಂಸ್ಥಾನವೊಂದು ಕಟ್ಟಿ ಬಿಟ್ಟುಹೋದ ವಿಶ್ವವಿದ್ಯಾಲಯವೂ ಅಲ್ಲಿಯದೇ.

ಕಾಯ್ದೆಯಿಂದ ಹುಟ್ಟು

1857ರಲ್ಲಿ ಮುಂಬಯಿ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಪಶ್ಚಿಮ ಭಾರತದ ಕಾಲೇಜುಗಳಿಗೆ ಅದೇ ತಾಯಿಬೇರು. ಅಹಮದಾಬಾದಿನ ಗುಜರಾತ್ ಕಾಲೇಜು, ಅಂದು ಬರೋಡ ಎನಿಸಿದ್ದ ವಡೋದರದ 1881ರ ಬರೋಡ ಕಾಲೇಜು, ಸೂರತ್ತಿನಲ್ಲಿ ಸಾರ್ವಜನಿಕ ಎಜುಕೇಷನ್ ಸೊಸೈಟಿ ನಡೆಸಿದ ಕಾಲೇಜು, ಇತ್ತ 1917ರಲ್ಲಿ ಧಾರವಾಡದಲ್ಲಿ ಶುರುವಾದ ಕರ್ನಾಟಕ ಕಾಲೇಜು, ಎಲ್ಲವೂ ಮುಂಬಯಿಗೆ ಸಂಯೋಜಿತ. ಪಾಠ ಇಲ್ಲಿ, ಪ್ರಶ್ನೆಪತ್ರಿಕೆ ಅಲ್ಲಿಂದ. ಕಾಲೇಜು ಹೇಗಿದೆ ಎಂದು ತಿಳಿಯಲು ಇದ್ದ ಅಳತೆಗೋಲು ಮುಖ್ಯವಾಗಿ ಒಂದು: ಮುಂಬಯಿಯ ಪರೀಕ್ಷೆಯಲ್ಲಿ ಎಷ್ಟು ಮಂದಿ ಪಾಸಾದರು ಎನ್ನುವುದು.

ಸ್ವಾತಂತ್ರ್ಯ ಬಂದ ಮೇಲೆ ಆ ಬೇರು ಕವಲೊಡೆಯಿತು. 1949ರಲ್ಲಿ ಮುಂಬಯಿ ಪ್ರಾಂತದ ಶಾಸನಸಭೆ ಗುಜರಾತ್ ವಿಶ್ವವಿದ್ಯಾಲಯಕ್ಕೂ ಕರ್ನಾಟಕ ವಿಶ್ವವಿದ್ಯಾಲಯಕ್ಕೂ ಕಾಯ್ದೆ ಮಾಡಿತು. ಅಹಮದಾಬಾದಿನದೂ ಧಾರವಾಡದ್ದೂ ಹೀಗೆ ಒಂದೇ ಮನೆಯಲ್ಲಿ ಒಂದೇ ವರ್ಷ ಹುಟ್ಟಿದ ವಿಶ್ವವಿದ್ಯಾಲಯಗಳು. ಎರಡಕ್ಕೂ ಕಾಲೇಜುಗಳನ್ನು ಸಂಯೋಜಿಸಿಕೊಂಡು ಪರೀಕ್ಷೆ ನಡೆಸುವ ಮುಂಬಯಿ ಮಾದರಿಯೇ ಬಳುವಳಿಯಾಗಿ ಬಂತು.

ವಡೋದರದ ಕಥೆ ಬೇರೆ. ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯ ಅಸ್ತಿತ್ವಕ್ಕೆ ಬಂದದ್ದು 1949ರ ಏಪ್ರಿಲ್ 30ರಂದು. ಬರೋಡ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾದದ್ದು ಮರುದಿನ, ಮೇ 1ರಂದು. ಕಾಯ್ದೆ ಬರೋಡದ್ದೇ. ಮೂರನೆಯ ಸಯಾಜಿರಾವ್ ಗಾಯಕವಾಡರು 1906ರ ಹೊತ್ತಿಗೆ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಿದ್ದವರು. ವಿಶ್ವವಿದ್ಯಾಲಯ ಅವರ ಬಹುಕಾಲದ ಆಸೆಯಾಗಿದ್ದರೂ ಅದನ್ನು ನೋಡಲು ಅವರು ಉಳಿಯಲಿಲ್ಲ. ಮೊದಲ ಕುಲಪತಿ ಹಂಸಾ ಮೆಹ್ತಾ. ಮಾನವ ಹಕ್ಕುಗಳ ವಿಶ್ವ ಘೋಷಣೆಯ ಕರಡಿನಲ್ಲಿ ‘ಎಲ್ಲ ಪುರುಷರು’ ಎಂದಿದ್ದ ಕಡೆ ‘ಎಲ್ಲ ಮನುಷ್ಯರು’ ಎಂದು ತಿದ್ದಿಸಿದ ಮಹಿಳೆ ಇವರೇ. ಸಂಯೋಜಿತ ಕಾಲೇಜುಗಳ ಜಾಲ ಕಟ್ಟುವ ಬದಲು ತಾನೇ ಪಾಠ ಹೇಳುವ, ಇಂಗ್ಲಿಷ್ ಮಾಧ್ಯಮದ ವಿಶ್ವವಿದ್ಯಾಲಯವಾಗಿ ಇದು ಬೆಳೆಯಿತು.

ಸೂರತ್ತಿನ ಸರದಿ ಬಂದದ್ದು 1965ರಲ್ಲಿ, ದಕ್ಷಿಣ ಗುಜರಾತ್ ವಿಶ್ವವಿದ್ಯಾಲಯದ ರೂಪದಲ್ಲಿ. 2004ರಲ್ಲಿ ಅದಕ್ಕೆ ಸೂರತ್ತಿನ ಕವಿ, ‘ನರ್ಮಕೋಶ’ ಎಂಬ ಗುಜರಾತಿ ನಿಘಂಟನ್ನು ಕಟ್ಟಿದ ನರ್ಮದರ ಹೆಸರು ಸೇರಿ ವೀರ ನರ್ಮದ ದಕ್ಷಿಣ ಗುಜರಾತ್ ವಿಶ್ವವಿದ್ಯಾಲಯವಾಯಿತು.

ಒಪ್ಪಿಗೆ ಬೇಡವೆಂದ ವಿದ್ಯಾಪೀಠ

1920ರ ಅಕ್ಟೋಬರ್ 18ರಂದು ಗಾಂಧೀಜಿ ಅಹಮದಾಬಾದಿನಲ್ಲಿ ಗುಜರಾತ್ ವಿದ್ಯಾಪೀಠವನ್ನು ಸ್ಥಾಪಿಸಿದಾಗ ಅದರ ಹಿಂದೆ ಯಾವ ಕಾಯ್ದೆಯೂ ಇರಲಿಲ್ಲ. ಇರಬಾರದೆಂಬುದೇ ಉದ್ದೇಶ. ಸರ್ಕಾರಿ ಶಾಲೆ ಕಾಲೇಜುಗಳನ್ನು ಬಿಟ್ಟು ಬನ್ನಿ ಎಂದು ಅಸಹಕಾರ ಚಳವಳಿ ಕರೆದಾಗ, ಬಂದ ಹುಡುಗರಿಗೆ ಒಂದು ನೆಲೆ ಬೇಕಿತ್ತು. ಕಾಶಿ ವಿದ್ಯಾಪೀಠ, ಬಿಹಾರ ವಿದ್ಯಾಪೀಠ, ಜಾಮಿಯಾ ಮಿಲಿಯಾ ಇವೆಲ್ಲ ಅದೇ ಕರೆಗೆ ಎದ್ದವು. ಅಹಮದಾಬಾದಿನ ವಿದ್ಯಾಪೀಠ ತನ್ನ ಪರೀಕ್ಷೆಗಳಿಗೆ ವಿನೀತ, ಸ್ನಾತಕ, ಪಾರಂಗತ ಎಂದು ಬೇರೆಯದೇ ಹೆಸರುಗಳನ್ನು ಇಟ್ಟುಕೊಂಡಿತು. ಅಲ್ಲಿ ಕುಲಪತಿ ಎಂದರೆ ನಾವು ಕುಲಾಧಿಪತಿ ಎನ್ನುವವರು. ನಮ್ಮ ಕುಲಪತಿಗೆ ಅಲ್ಲಿ ಕುಲನಾಯಕ ಎಂದು ಹೆಸರು. ಗಾಂಧೀಜಿ ಬದುಕಿರುವ ತನಕ ಕುಲಪತಿಯಾಗಿದ್ದರು. ಅವರ ಅನುಯಾಯಿ ಕೃಪಲಾನಿ ಅಲ್ಲಿ ಪಾಠ ಹೇಳಿದರು. ಬೆಳಗಾವಿ, ಕಾರವಾರಗಳ ನೆನಪನ್ನು ತಮ್ಮ ಬರಹದಲ್ಲಿ ಉಳಿಸಿಕೊಂಡ ಕಾಕಾ ಕಾಲೇಲ್ಕರ್ ಅದರ ಆಡಳಿತ ಹೊತ್ತಿದ್ದರು.

ಸರ್ಕಾರಿ ನೌಕರಿಗೆ ಆ ಸ್ನಾತಕ ಪದವಿ ನಡೆಯುತ್ತಿರಲಿಲ್ಲ. ಆದರೆ 1929ರಲ್ಲಿ ವಿದ್ಯಾಪೀಠ ಹೊರತಂದ ‘ಜೋಡಣಿಕೋಶ’ ಗುಜರಾತಿ ಕಾಗುಣಿತಕ್ಕೆ ಪ್ರಮಾಣವಾಯಿತು. ಬ್ರಿಟಿಷ್ ಸರ್ಕಾರ ವಿಶ್ವವಿದ್ಯಾಲಯವೆಂದು ಒಪ್ಪದಿದ್ದ ಸಂಸ್ಥೆಯ ಮಾತಿನಂತೆ ಒಂದು ಭಾಷೆಯವರೆಲ್ಲ ಬರೆಯತೊಡಗಿದರು. ಮಾನ್ಯತೆಯ ಇತಿಹಾಸ ಬರೆಯುವವರು ಯುಜಿಸಿಯಿಂದ ಶುರುಮಾಡುವ ಬದಲು ಈ ನಿಘಂಟಿನಿಂದ ಶುರುಮಾಡಿದರೆ ತಪ್ಪಾಗಲಾರದು.

1963ರಲ್ಲಿ ವಿದ್ಯಾಪೀಠ ಡೀಮ್ಡ್ ವಿಶ್ವವಿದ್ಯಾಲಯವಾಯಿತು. 1956ರ ಯುಜಿಸಿ ಕಾಯ್ದೆಯ 3ನೇ ಕಲಮಿನಡಿ, ಶಾಸನಸಭೆಯ ಕಾಯ್ದೆ ಇಲ್ಲದ ಸಂಸ್ಥೆಯನ್ನೂ ಕೇಂದ್ರ ಸರ್ಕಾರ ವಿಶ್ವವಿದ್ಯಾಲಯವೆಂದು ಪರಿಗಣಿಸಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1958ರಲ್ಲಿ ಇದೇ ದಾರಿಯಲ್ಲಿ ಬಂದಿತ್ತು. ಮುಂದೆ ನ್ಯಾಕ್ ತಂಡವೂ ವಿದ್ಯಾಪೀಠಕ್ಕೆ ಬಂದು ಹೋಯಿತು. ಇಲ್ಲಿನ ವಿದ್ಯಾರ್ಥಿಗಳೂ ಅಧ್ಯಾಪಕರೂ ಖಾದಿ ಉಡುತ್ತಾರೆ, ದಿನವೂ ಕುಳಿತು ನೂಲುತ್ತಾರೆ, ವರ್ಷಕ್ಕೊಮ್ಮೆ ಹಳ್ಳಿಗಳಿಗೆ ಪಾದಯಾತ್ರೆ ಹೋಗುತ್ತಾರೆ. ನ್ಯಾಕ್ ಕಡತದಲ್ಲಿ ಇವು ಸೇರಬೇಕಾದದ್ದು ‘ಸಂಸ್ಥೆಯ ಮೌಲ್ಯಗಳು ಮತ್ತು ಉತ್ತಮ ರೂಢಿಗಳು’ ಎಂಬ ಏಳನೆಯ ಮಾನದಂಡದ ಕೆಳಗೆ. ಅದಕ್ಕಿರುವುದು ಸಾವಿರದಲ್ಲಿ ನೂರು ಅಂಕ. ಸಂಸ್ಥೆಗೆ ಅದೇ ಜೀವಾಳ, ಫಾರಂಗೆ ಅದು ಹತ್ತರಲ್ಲಿ ಒಂದು ಪಾಲು.

ನಾಗರಭಾವಿಯ ಕಚೇರಿ

ಅಳತೆಗೋಲು ಇರುವುದು ಬೆಂಗಳೂರಿನಲ್ಲಿ. 1986ರ ರಾಷ್ಟ್ರೀಯ ಶಿಕ್ಷಣ ನೀತಿ, ಅದರ ಬೆನ್ನಿಗೆ ಬಂದ 1992ರ ಕಾರ್ಯಯೋಜನೆಗಳ ಫಲವಾಗಿ ಯುಜಿಸಿ 1994ರಲ್ಲಿ ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಪರಿಷತ್ತನ್ನು, ಎಂದರೆ ನ್ಯಾಕನ್ನು, ಸ್ಥಾಪಿಸಿತು. ನಾಗರಭಾವಿಯಲ್ಲಿ ಅದರ ಕೇಂದ್ರ ಕಚೇರಿ. ಅರುಣ್ ನಿಗವೇಕರ್ ಮೊದಲ ನಿರ್ದೇಶಕರು; ಮುಂದೆ ಮೈಸೂರಿನ ತಳಿವಿಜ್ಞಾನಿ ಎಚ್.ಎ. ರಂಗನಾಥ್ ಕೂಡ ಆ ಸ್ಥಾನದಲ್ಲಿದ್ದರು. ಮೊದಮೊದಲು ಹೋಟೆಲುಗಳಿಗೆ ಕೊಡುವಂತೆ ನಕ್ಷತ್ರಗಳನ್ನು ಕೊಡುತ್ತಿದ್ದರು. ಆಮೇಲೆ ಅಕ್ಷರಗಳು ಬಂದವು, ಅಕ್ಷರಗಳಿಗೆ ಪ್ಲಸ್‌ಗಳು ಸೇರಿದವು. 2017ರ ಪರಿಷ್ಕರಣೆಯ ಪದ್ಧತಿಯಲ್ಲಿ ನಾಲ್ಕಕ್ಕೆ 3.51 ದಾಟಿದರೆ ಎ++, 3.26 ದಾಟಿದರೆ ಎ+, 3.01 ದಾಟಿದರೆ ಎ. 1.50ರ ಒಳಗೆ ಬಂದರೆ ಡಿ, ಎಂದರೆ ಮಾನ್ಯತೆ ಇಲ್ಲ.

ಆ ಪದ್ಧತಿಯಲ್ಲಿ ಎರಡು ತಂಡ ವಿದ್ಯಾರ್ಥಿಗಳು ಓದು ಮುಗಿಸಿ ಹೊರಬಿದ್ದಿರಬೇಕು, ಇಲ್ಲವೆ ಸಂಸ್ಥೆಗೆ ಆರು ವರ್ಷ ತುಂಬಿರಬೇಕು. ಆಗ ಅರ್ಜಿ ಹಾಕಬಹುದು. ಅರ್ಜಿ ಸ್ವೀಕೃತವಾದ ಮೇಲೆ 45 ದಿನಗಳಲ್ಲಿ ಸ್ವಯಂ ಅಧ್ಯಯನ ವರದಿ ಸಲ್ಲಿಸಬೇಕು. ಕ್ಯಾಂಪಸ್ಸಿನ ಮಾತಿನಲ್ಲಿ ಇದು ‘ಎಸ್‌ಎಸ್‌ಆರ್’. ಪಠ್ಯಕ್ರಮ, ಬೋಧನೆ, ಸಂಶೋಧನೆ, ಮೂಲಸೌಕರ್ಯ, ವಿದ್ಯಾರ್ಥಿ ನೆರವು, ಆಡಳಿತ, ಮೌಲ್ಯಗಳು ಎಂಬ ಏಳು ಮಾನದಂಡಗಳಿಗೂ ಒಬ್ಬೊಬ್ಬ ಉಸ್ತುವಾರಿ ಇರುತ್ತಾರೆ. ಐದು ವರ್ಷದ ಲೆಕ್ಕ ಹೊರಬರಬೇಕು: ಮಂಜೂರಾದ ಹುದ್ದೆಗಳಲ್ಲಿ ಎಷ್ಟು ಭರ್ತಿಯಾಗಿವೆ, ಪಿಎಚ್‌ಡಿ ಇರುವವರು ಎಷ್ಟು, ಪ್ರಬಂಧಗಳು ಎಷ್ಟು, ವಿದ್ಯಾರ್ಥಿವೇತನ ಯಾರಿಗೆ ಸಿಕ್ಕಿತು, ಕೆಲಸ ಎಷ್ಟು ಮಂದಿಗೆ ಸಿಕ್ಕಿತು. ಪ್ರತಿ ಅಂಕಿಗೂ ಸಹಿ, ಮೊಹರು ಇರುವ ಕಾಗದ ಬೇಕು. ಅವನ್ನು ಡಿವಿವಿ ಎಂಬ ಹಂತದಲ್ಲಿ ಹೊರಗಿನವರು ತಾಳೆ ನೋಡುತ್ತಾರೆ. ವಿದ್ಯಾರ್ಥಿಗಳಿಗೆ ನೇರವಾಗಿ ಇಮೇಲ್ ಹೋಗಿ ಅವರ ಅಭಿಪ್ರಾಯವೂ ಬರುತ್ತದೆ. ಒಟ್ಟು ಅಂಕದಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಹೀಗೆ ಕಾಗದದ ಮೇಲೆಯೇ ತೀರ್ಮಾನವಾಗುತ್ತದೆ.

ಉಳಿದ ಮೂವತ್ತಕ್ಕಾಗಿ ಪೀರ್ ಟೀಮ್ ಎಂಬ ಹೊರಗಿನ ಅಧ್ಯಾಪಕರ ತಂಡ ಬರುತ್ತದೆ. ತಂಡದವರು ಬೇರೆ ರಾಜ್ಯದವರಾಗಿರಬೇಕೆಂಬ ನಿಯಮ ಇರುವುದರಿಂದ ನಮ್ಮ ಕಡೆಯ ಪ್ರಾಧ್ಯಾಪಕರು ಅಲ್ಲಿಗೆ ಹೋಗಬಹುದು, ಅಲ್ಲಿಯವರು ಇಲ್ಲಿಗೆ ಬರಬಹುದು. ಎರಡು ಮೂರು ದಿನ ಗ್ರಂಥಾಲಯ, ಪ್ರಯೋಗಾಲಯ, ಹಾಸ್ಟೆಲು ಎಲ್ಲ ನೋಡುತ್ತಾರೆ. ಹಳೆಯ ವಿದ್ಯಾರ್ಥಿಗಳನ್ನೂ ತಂದೆತಾಯಿಗಳನ್ನೂ ಕೂರಿಸಿ ಮಾತಾಡುತ್ತಾರೆ. ಆ ದಿನಗಳ ಮುಂಚೆ ಕಾಲೇಜುಗಳಿಗೆ ಸುಣ್ಣ ಬಣ್ಣ ಬಳಿಯುವುದು, ಕೆಟ್ಟ ನಲ್ಲಿ ರಿಪೇರಿಯಾಗುವುದು ದೇಶದಾದ್ಯಂತ ಕಾಣುವ ನೋಟ. ಇದನ್ನು ಗೇಲಿ ಮಾಡುವುದು ಸುಲಭ. ಆದರೆ ಎಷ್ಟೋ ಕಡೆ ಹೆಣ್ಣುಮಕ್ಕಳ ಶೌಚಾಲಯಕ್ಕೆ ಬಾಗಿಲು ಬಂದದ್ದು ಹೀಗೆಯೇ ಎಂಬುದನ್ನೂ ಹೇಳಬೇಕು.

ಅಳತೆ ಹೊಂದದ ಮೈ

ಒಂದೇ ಫಾರಂ ಎಲ್ಲರ ಮೈಗೂ ಹೊಂದುವುದಿಲ್ಲ. ನ್ಯಾಕ್ ಇದನ್ನು ತಿಳಿದೇ ವಿಶ್ವವಿದ್ಯಾಲಯ, ಸ್ವಾಯತ್ತ ಕಾಲೇಜು, ಸಂಯೋಜಿತ ಕಾಲೇಜುಗಳಿಗೆ ಬೇರೆ ಬೇರೆ ತೂಕ ಇಟ್ಟಿದೆ. ವಿಶ್ವವಿದ್ಯಾಲಯಕ್ಕೆ ಸಂಶೋಧನೆಯಲ್ಲಿ 250 ಅಂಕ, ಬೋಧನೆಯಲ್ಲಿ 200. ಸಂಯೋಜಿತ ಕಾಲೇಜಿಗೆ ಬೋಧನೆಯಲ್ಲೇ 350. ವಡೋದರದ ಸಯಾಜಿರಾವ್ ವಿಶ್ವವಿದ್ಯಾಲಯದ ತೊಡಕು ಇಲ್ಲಿಂದ ಶುರು. ಹೆಸರಿಗೆ ಅದು ವಿಶ್ವವಿದ್ಯಾಲಯ. ದಿನನಿತ್ಯದ ಕೆಲಸದಲ್ಲಿ ಊರಿನ ಬಿಎ, ಬಿಕಾಂ ಮಕ್ಕಳಿಗೆ ಪಾಠ ಹೇಳುವ ದೊಡ್ಡ ಕಾಲೇಜು ಕೂಡ. ಸಾವಿರಗಟ್ಟಲೆ ಬಿಕಾಂ ವಿದ್ಯಾರ್ಥಿಗಳನ್ನು ಹೊತ್ತು ನಿಂತ ಅದನ್ನು ಸಂಶೋಧನೆಯ ತಕ್ಕಡಿಯಲ್ಲಿ ತೂಗುತ್ತಾರೆ.

ಅದರ ಲಲಿತಕಲಾ ವಿಭಾಗ ಇನ್ನೊಂದು ಬಗೆಯ ಒಗಟು. 1950ರಲ್ಲಿ ಶುರುವಾದ ಈ ವಿಭಾಗದಲ್ಲಿ ಎನ್.ಎಸ್. ಬೇಂದ್ರೆ, ಶಂಖೋ ಚೌಧುರಿ, ಕೆ.ಜಿ. ಸುಬ್ರಹ್ಮಣ್ಯನ್ ಕಲಿಸಿದರು. ಬೆಂಗಳೂರಿನ ಎನ್. ಪುಷ್ಪಮಾಲಾ ಶಿಲ್ಪಕಲೆ ಕಲಿತದ್ದೂ ಇಲ್ಲಿಯೇ. ಶಿಲ್ಪಿಯೊಬ್ಬರು ವರ್ಷವಿಡೀ ಕಡೆದ ಒಂದು ಕೃತಿ ಸಂಶೋಧನಾ ನಿಯತಕಾಲಿಕದಲ್ಲಿ ಬಂದ ಪ್ರಬಂಧವಾಗುವುದಿಲ್ಲ. ಭಾರತೀಯ ಕಲೆಯ ಭೂಪಟದಲ್ಲಿ ಬರೋಡ ಎಂಬ ಹೆಸರನ್ನು ಬರೆದ ವಿಭಾಗ ಕೋಷ್ಟಕದಲ್ಲಿ ತೆಳ್ಳಗೆ ಕಾಣುವ ಅಪಾಯ ಯಾವಾಗಲೂ ಇದೆ.

ಅದೇ ವಡೋದರದ ಹೊರವಲಯದ ವಾಘೋಡಿಯಾದಲ್ಲಿ ಖಾಸಗಿ ಪಾರುಲ್ ವಿಶ್ವವಿದ್ಯಾಲಯವಿದೆ. 2015ರಲ್ಲಿ ಹುಟ್ಟಿದ ಅದಕ್ಕೆ ಮೊದಲ ಸುತ್ತಿನಲ್ಲೇ ಎ++ ಬಂತು. 1949ರ ಸಯಾಜಿರಾವ್ ವಿಶ್ವವಿದ್ಯಾಲಯಕ್ಕೆ ಇತ್ತೀಚಿನ ಸುತ್ತಿನಲ್ಲಿ ಬಂದದ್ದು ಎ+. ಹೊಸದು ಹಳೆಯದಕ್ಕಿಂತ ದೊಡ್ಡದು ಎಂದೋ ನ್ಯಾಕ್ ತಪ್ಪಿತು ಎಂದೋ ಇದರಿಂದ ತೀರ್ಮಾನಿಸಬೇಕಾಗಿಲ್ಲ. ಹೊಸ ಸಂಸ್ಥೆಗಳು ದಾಖಲೆ ಇಡುವುದನ್ನು ಹುಟ್ಟಿನಿಂದಲೇ ರೂಢಿಸಿಕೊಂಡಿರುತ್ತವೆ. ಅಧ್ಯಾಪಕರ ನೇಮಕಕ್ಕೆ ಸರ್ಕಾರದ ಅಪ್ಪಣೆಗಾಗಿ ಕಾಯಬೇಕಿಲ್ಲ. ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಹುದ್ದೆ ಖಾಲಿ ಬಿದ್ದರೆ ತಪ್ಪು ಸಚಿವಾಲಯದ್ದು, ಅಂಕ ಹೋಗುವುದು ವಿಶ್ವವಿದ್ಯಾಲಯದ್ದು. ಹುದ್ದೆ ತುಂಬುವಾಗಲೂ ಗುಜರಾತಿನಲ್ಲಿ ‘ಅಧ್ಯಾಪಕ ಸಹಾಯಕ’ರೆಂದು ಐದು ವರ್ಷ ನಿಗದಿ ಸಂಬಳಕ್ಕೆ ದುಡಿಸುವ ಪದ್ಧತಿ ಇದೆ, ನಮ್ಮಲ್ಲಿ ಅತಿಥಿ ಉಪನ್ಯಾಸಕರಿದ್ದಾರೆ.

ಆಡಳಿತವೂ ಒಂದು ಮಾನದಂಡ, ನೂರು ಅಂಕದ್ದು. 2023ರ ಗುಜರಾತ್ ಸಾರ್ವಜನಿಕ ವಿಶ್ವವಿದ್ಯಾಲಯಗಳ ಕಾಯ್ದೆ ಹನ್ನೊಂದು ವಿಶ್ವವಿದ್ಯಾಲಯಗಳನ್ನು ಒಂದೇ ಕಾಯ್ದೆಯ ಕೆಳಗೆ ತಂದಿತು. ಸಯಾಜಿರಾವ್ ವಿಶ್ವವಿದ್ಯಾಲಯದ ಕುಲಾಧಿಪತಿ ಸ್ಥಾನ ಮಾತ್ರ ಗಾಯಕವಾಡ ಮನೆತನದಲ್ಲೇ ಉಳಿಯಿತು. ಚುನಾಯಿತರಿಗೆ ಜಾಗವಿದ್ದ ಸೆನೆಟ್, ಸಿಂಡಿಕೇಟುಗಳ ಬದಲು ಆಡಳಿತ ಮಂಡಳಿ ಬಂತು. 1949ರ ಏಪ್ರಿಲ್ ಕೊನೆಯ ದಿನ ಸಂಸ್ಥಾನ ಕೊಟ್ಟುಹೋದ ಕಾಯ್ದೆಯ ಆಯುಸ್ಸು ಹೀಗೆ ಎಪ್ಪತ್ತನಾಲ್ಕು ವರ್ಷಕ್ಕೆ ತೀರಿತು. ಸ್ವಾಯತ್ತತೆ ಕುಗ್ಗಿತೆಂದು ಅಧ್ಯಾಪಕರು ದೂರಿದರು, ಆಡಳಿತ ಚುರುಕಾಗುತ್ತದೆಂದು ಸರ್ಕಾರ ಹೇಳಿತು. ಇದರಲ್ಲಿ ಯಾವುದು ನಿಜವಾಯಿತು ಎಂದು ಕೇಳುವ ಕಾಲಂ ಎಸ್‌ಎಸ್‌ಆರ್‌ನಲ್ಲಿ ಇಲ್ಲ.

ಬೇರೆ ತಕ್ಕಡಿಗಳು

ಅಹಮದಾಬಾದಿನ ಐಐಎಂ 1961ರಲ್ಲಿ ವಿಜ್ಞಾನಿ ವಿಕ್ರಮ್ ಸಾರಾಭಾಯಿ, ಉದ್ಯಮಿ ಕಸ್ತೂರಭಾಯಿ ಲಾಲಭಾಯಿ ಮೊದಲಾದವರ ಯತ್ನದಿಂದ ಶುರುವಾಯಿತು. ಕಾನೂನಿನ ಕಣ್ಣಿಗೆ ಅದು ನೋಂದಾಯಿತ ಸೊಸೈಟಿ. ಸೊಸೈಟಿ ಪದವಿ ಕೊಡುವಂತಿಲ್ಲ. ದೇಶದ ಅತಿ ಕಠಿಣ ಪ್ರವೇಶ ಪರೀಕ್ಷೆ ಗೆದ್ದು ಬಂದವರು ಎರಡು ವರ್ಷ ಓದಿ ಒಯ್ಯುತ್ತಿದ್ದುದು ಡಿಪ್ಲೊಮಾ. ಕೆಲಸ ಕೊಡುವವರು ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ. ಹೊರದೇಶದವರ ಮುಂದೆ ಮಾತ್ರ ವಿವರಿಸಿ ಹೇಳಬೇಕಾಗುತ್ತಿತ್ತು. 2008ರಲ್ಲಿ ಅದು ಬ್ರಸೆಲ್ಸಿನ ಇಎಫ್‌ಎಂಡಿ ನಡೆಸುವ ಈಕ್ವಿಸ್ ಮಾನ್ಯತೆ ಪಡೆಯಿತು. ಭಾರತದ ಬಿಸಿನೆಸ್ ಶಾಲೆಗೆ ಅದು ಸಿಕ್ಕದ್ದು ಅದೇ ಮೊದಲು. ಅಂದರೆ ಹೊರಗಿನ ಮಾನ್ಯತೆ ಮೊದಲು ಬಂತು, ಪದವಿ ಕೊಡುವ ಹಕ್ಕು ಆಮೇಲೆ, 2018ರ ಜನವರಿ 31ರಂದು ಐಐಎಂ ಕಾಯ್ದೆ ಜಾರಿಯಾದಾಗ. ಕನಿಷ್ಠ ಮೂರು ವರ್ಷಕ್ಕೊಮ್ಮೆ ಸ್ವತಂತ್ರ ಪರಿಣತರಿಂದ ಸಂಸ್ಥೆಯ ಕೆಲಸವನ್ನು ಪರಿಶೀಲಿಸಬೇಕೆಂದೂ ಆ ಕಾಯ್ದೆ ವಿಧಿಸುತ್ತದೆ.

ಸೂರತ್ತಿನ ಸರ್ದಾರ್ ವಲ್ಲಭಭಾಯಿ ರಾಷ್ಟ್ರೀಯ ತಾಂತ್ರಿಕ ಸಂಸ್ಥೆಯಂಥ ಎಂಜಿನಿಯರಿಂಗ್ ಸಂಸ್ಥೆಗಳಿಗೆ ಎನ್‌ಬಿಎ, ಎಂದರೆ ರಾಷ್ಟ್ರೀಯ ಮಾನ್ಯತಾ ಮಂಡಳಿ, ಮುಖ್ಯ. ನ್ಯಾಕ್ ಇಡೀ ಸಂಸ್ಥೆಯನ್ನು ನೋಡಿದರೆ ಎನ್‌ಬಿಎ ಒಂದೊಂದು ಕೋರ್ಸನ್ನು ನೋಡುತ್ತದೆ. ಒಂದೇ ಕಟ್ಟಡದಲ್ಲಿ ಸಿವಿಲ್‌ಗೆ ಸಿಕ್ಕಿ ಇನ್ನೊಂದಕ್ಕೆ ಸಿಕ್ಕದೆ ಇರಬಹುದು. 2014ರಲ್ಲಿ ಎನ್‌ಬಿಎ, ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಒಪ್ಪಿಕೊಳ್ಳುವ ವಾಷಿಂಗ್ಟನ್ ಒಪ್ಪಂದದ ಕಾಯಂ ಸದಸ್ಯನಾದ ಮೇಲೆ, ಅದರ ಮೊದಲ ಶ್ರೇಣಿಯ ಮಾನ್ಯತೆ ಇರುವ ಬಿಟೆಕ್ ಪದವಿಯನ್ನು ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾದಂಥ ಸದಸ್ಯ ದೇಶಗಳು ಸಮಾನವೆಂದು ಎಣಿಸುತ್ತವೆ. ಬಿ.ವಿ. ದೋಶಿ 1962ರಲ್ಲಿ ಅಹಮದಾಬಾದಿನಲ್ಲಿ ಆರಂಭಿಸಿದ ವಾಸ್ತುಶಿಲ್ಪ ಶಾಲೆ ಇಂದು ಸೆಪ್ಟ್ ವಿಶ್ವವಿದ್ಯಾಲಯ. ಅದರ ವಾಸ್ತುಶಿಲ್ಪ ಪದವಿಗೆ ವಾಸ್ತುಶಿಲ್ಪ ಪರಿಷತ್ತಿನ ಒಪ್ಪಿಗೆಯೂ ಬೇಕು.

ಅಮೆರಿಕದಲ್ಲಿ ಮಾನ್ಯತೆ ಕೊಡುವ ಕೆಲಸ 1880ರ ದಶಕದಿಂದ ಕಾಲೇಜುಗಳೇ ಕಟ್ಟಿಕೊಂಡ ಪ್ರಾದೇಶಿಕ ಸಂಘಗಳದು. ಸರ್ಕಾರ ಆ ಸಂಘಗಳನ್ನು ಗುರುತಿಸುತ್ತದೆ, ವಿದ್ಯಾರ್ಥಿಗಳಿಗೆ ಕೊಡುವ ಸಾಲ ಸಹಾಯವನ್ನು ಅವು ಕೊಡುವ ಮಾನ್ಯತೆಗೆ ಗಂಟುಹಾಕುತ್ತದೆ. ಭಾರತದಲ್ಲಿ ಅಳೆಯುವವರು ಅಧ್ಯಾಪಕರೇ ಆದರೂ ತಕ್ಕಡಿ ಸರ್ಕಾರದ್ದು.

ಉಳಿಸಿಕೊಳ್ಳುವ ಕಷ್ಟ

ವೀರ ನರ್ಮದ ವಿಶ್ವವಿದ್ಯಾಲಯ ಒಳ್ಳೆಯ ದರ್ಜೆ ಪಡೆದರೂ ಅದು ದಕ್ಷಿಣ ಗುಜರಾತಿನ ಸಂಯೋಜಿತ ಕಾಲೇಜುಗಳಿಗೆ ಇಳಿದು ಬರುವುದಿಲ್ಲ. ಡಾಂಗ್ ಜಿಲ್ಲೆಯ ಕಾಡಂಚಿನ ಕಾಲೇಜೂ ತನ್ನ ಕಡತವನ್ನು ತಾನೇ ಕಟ್ಟಬೇಕು. ಮಾನ್ಯತೆ ಸಿಕ್ಕ ಮೇಲೆ ಐಕ್ಯೂಎಸಿ ಎಂಬ ಆಂತರಿಕ ಗುಣಮಟ್ಟ ಘಟಕ ಪ್ರತಿ ವರ್ಷ ಎಕ್ಯೂಎಆರ್ ವರದಿ ಕಳಿಸುತ್ತಿರಬೇಕು. ಬಾಕಿ ಉಳಿದರೆ ಮುಂದಿನ ಸುತ್ತಿಗೆ ಅರ್ಜಿ ಹಾಕಲಾಗದು. ಸತತವಾಗಿ ಅತ್ಯುಚ್ಚ ದರ್ಜೆ ಉಳಿಸಿಕೊಂಡವರಿಗೆ ಮೂರನೆಯ ಸುತ್ತಿನಿಂದ ಅವಧಿ ಐದರಿಂದ ಏಳು ವರ್ಷಕ್ಕೆ ಏರುತ್ತದೆ. ಘಟಕದ ಸಂಯೋಜಕರು ಸಾಮಾನ್ಯವಾಗಿ ಪಾಠ ಹೇಳುವ ಅಧ್ಯಾಪಕರೇ. ಪಾಠದ ಹೊರೆ ಇಳಿಸದೆ ಈ ಹೊರೆ ಏರಿಸುವುದರಿಂದ ಒಳ್ಳೆಯ ಮೇಷ್ಟ್ರುಗಳು ತರಗತಿಯಿಂದ ಎಕ್ಸೆಲ್ ಹಾಳೆಗೆ ವರ್ಗವಾಗುತ್ತಾರೆ.

ಇಷ್ಟು ಕಷ್ಟಪಡುವುದಕ್ಕೆ ಕಾರಣ ಹಣ ಮತ್ತು ಹಕ್ಕು. 2013ರ ಆರಂಭದಲ್ಲಿ ಪ್ರಕಟವಾದ ಯುಜಿಸಿ ನಿಯಮ ಮಾನ್ಯತೆಯನ್ನು ಕಡ್ಡಾಯ ಮಾಡಿತು. ಅದೇ ವರ್ಷ ಬಂದ, ರಾಜ್ಯಗಳ ಉನ್ನತ ಶಿಕ್ಷಣಕ್ಕೆ ಕೇಂದ್ರ ನೆರವು ಕೊಡುವ ರೂಸಾ ಯೋಜನೆ ಅನುದಾನವನ್ನು ಅದಕ್ಕೆ ಜೋಡಿಸಿತು. 2018ರ ಶ್ರೇಣೀಕೃತ ಸ್ವಾಯತ್ತತೆ, 2020ರ ಆನ್‌ಲೈನ್ ಪದವಿಯ ನಿಯಮಗಳಲ್ಲೂ ನ್ಯಾಕ್ ಅಂಕವೇ ಮೆಟ್ಟಿಲು. ಆದರೂ 2023ರಲ್ಲಿ ಲೋಕಸಭೆಗೆ ಕೊಟ್ಟ ಲೆಕ್ಕದಂತೆ ದೇಶದ 1,113 ವಿಶ್ವವಿದ್ಯಾಲಯಗಳಲ್ಲಿ 695ಕ್ಕೆ ನ್ಯಾಕ್ ಮಾನ್ಯತೆ ಇರಲಿಲ್ಲ; ಮಾನ್ಯತೆ ಇಲ್ಲದ ಕಾಲೇಜುಗಳು 34 ಸಾವಿರಕ್ಕೂ ಮಿಗಿಲು. ಗುಜರಾತ್ ತನ್ನ ಸಂಸ್ಥೆಗಳಿಗೆ ಜಿಎಸ್‌ಐಆರ್‌ಎಫ್ ಎಂಬ ರಾಜ್ಯ ಮಟ್ಟದ ನಕ್ಷತ್ರ ಪದ್ಧತಿಯನ್ನು ಮಾಡಿಕೊಂಡಿತು. ಕರ್ನಾಟಕದ ಉನ್ನತ ಶಿಕ್ಷಣ ಪರಿಷತ್ತೂ ಅಂಥದೊಂದನ್ನು ನಡೆಸಿ ನೋಡಿತು. ನ್ಯಾಕ್ ಕೈಬಿಟ್ಟ ನಕ್ಷತ್ರಗಳು ರಾಜ್ಯಗಳಲ್ಲಿ ಮತ್ತೆ ಮೂಡಿದವು.

ಅಕ್ಷರವೊಂದಕ್ಕೆ ಇಷ್ಟು ಬೆಲೆ ಬಂದ ಮೇಲೆ ಅದನ್ನು ಕೊಳ್ಳುವ ಯತ್ನವೂ ನಡೆಯುತ್ತದೆ. 2023ರ ಮಾರ್ಚಿನಲ್ಲಿ ನ್ಯಾಕ್ ಕಾರ್ಯಕಾರಿ ಸಮಿತಿಯ ಅಧ್ಯಕ್ಷ ಭೂಷಣ್ ಪಟವರ್ಧನ್ ಅಕ್ರಮಗಳ ಶಂಕೆ ವ್ಯಕ್ತಪಡಿಸಿ ರಾಜೀನಾಮೆ ಕೊಟ್ಟರು. 2025ರ ಫೆಬ್ರುವರಿಯಲ್ಲಿ ಆಂಧ್ರಪ್ರದೇಶದ ವಿಶ್ವವಿದ್ಯಾಲಯವೊಂದರ ಪರಿಶೀಲನೆಗೆ ಸಂಬಂಧಿಸಿ, ಲಂಚದ ಆರೋಪದ ಮೇಲೆ ಸಿಬಿಐ ಪೀರ್ ಟೀಮಿನ ಸದಸ್ಯರನ್ನೂ ಬಂಧಿಸಿತು.

ಅಷ್ಟರಲ್ಲಿ ಪದ್ಧತಿಯನ್ನೇ ಬದಲಿಸುವ ಕೆಲಸ ಶುರುವಾಗಿತ್ತು. ಇಸ್ರೊ ಮಾಜಿ ಅಧ್ಯಕ್ಷ ಕೆ. ರಾಧಾಕೃಷ್ಣನ್ ನೇತೃತ್ವದ ಸಮಿತಿಯ ಶಿಫಾರಸಿನಂತೆ 2024ರ ಜನವರಿಯಲ್ಲಿ ನ್ಯಾಕ್ ಅಕ್ಷರಗಳನ್ನು ಕೈಬಿಡುವ ಯೋಜನೆ ಪ್ರಕಟಿಸಿತು. ಅದರ ಪ್ರಕಾರ ಉತ್ತರ ಎರಡೇ: ಮಾನ್ಯತೆ ಇದೆ, ಇಲ್ಲ. ಇದೆ ಎಂದಾದವರು ಒಂದರಿಂದ ಐದರವರೆಗಿನ ಪ್ರೌಢತೆಯ ಹಂತಗಳನ್ನು ಏರಬಹುದು. ಎ++ ಎಂದು ಹೆದ್ದಾರಿ ಬದಿಯಲ್ಲಿ ಹಲಗೆ ನಿಲ್ಲಿಸಿರುವ ಸಂಸ್ಥೆಗಳು ಮುಂದೆ ಅದೇ ಚೌಕಟ್ಟಿಗೆ ಐದು ಎಂಬ ಅಂಕಿಯನ್ನು ಹೊಂದಿಸಬೇಕಾದೀತು.